ಕೆರೆಯ ತಿರುವಿನಲ್ಲಿ ಕಂಟಿಯ ಗಾಡಿ

ಮಕ್ಕಳೇ, ಕುರುಚಲು ಕಾಡಿನ ಅಂಚಿನಲ್ಲೊಂದು ದಿಬ್ಬ. ಆ ದಿಬ್ಬದ ಬಿಲದಲ್ಲಿ ಕಂಟಿ ಎಂಬ ಮುಳ್ಳುಹಂದಿ ವಾಸವಾಗಿತ್ತು. ಸಂಜೆಯಾದರೆ ಕೆಳಗಿನ ಹುಲ್ಲುಗಾವಲಿನಲ್ಲಿ ಚಿಗರೆ ಜಿಂಕೆಗಳು ಓಡುತ್ತಿದ್ದವು. ಕೆರೆಯ ತಿರುವಿನಲ್ಲಿ ಅವು ಗಾಳಿಯಂತೆ ಹೊರಳುವುದನ್ನು ನೋಡುತ್ತ ಕಂಟಿ ಮೇವನ್ನೇ ಮರೆಯುತ್ತಿತ್ತು. ಒಂದು ಸಲವಾದರೂ ಅವುಗಳ ಜೊತೆ ಓಡಬೇಕೆಂದು ಅದರ ಜೀವ ಹಂಬಲಿಸುತ್ತಿತ್ತು.

ಹಿಂಡಿನಲ್ಲಿ ಮಿಂಚು ಎಂಬ ಚಿಗರೆ ಮಾತ್ರ ಅದನ್ನು ಮಾತನಾಡಿಸುತ್ತಿತ್ತು.

"ಕಂಟಿ, ಇಲ್ಲಿ ಹುಲ್ಲು ಒಣಗಿತು. ನಾಳೆ ಸಂಜೆ ಕೊನೆಯ ಓಟ. ಆಮೇಲೆ ಹೊಳೆಯಾಚೆ ಹೋಗುತ್ತೇವೆ."

"ಓಟಕ್ಕೆ ನಾನೂ ಬರಲೇ?"

"ಬಾ. ನಿನ್ನ ಪಕ್ಕದಲ್ಲೇ ಓಡುತ್ತೇನೆ."

ತನ್ನ ಗಿಡ್ಡ ಕಾಲಿಗೆ ಆ ವೇಗ ಸಿಗದೆಂದು ಕಂಟಿ ನೆರೆಮರದಲ್ಲಿದ್ದ ಕರಿಮೂತಿಯ ಮುದಿ ಕೋತಿ ಮುಸುವಜ್ಜನ ಬಳಿ ಹೋಯಿತು. ಇಬ್ಬರೂ ಸೇರಿ ಒಣ ತಾಳೆಕಾಯಿಗಳನ್ನು ಚಕ್ರ ಮಾಡಿ ಗಾಡಿ ಕಟ್ಟತೊಡಗಿದರು.

"ಅಜ್ಜ, ಅಗಲದ ದೊಡ್ಡ ಚಕ್ರ ಮುಂದಿರಲಿ. ಎಲ್ಲರ ಕಣ್ಣೂ ಅದರ ಮೇಲೆ ಬೀಳಬೇಕು."

"ನಿನ್ನ ಮುಳ್ಳಿನ ಭಾರವೆಲ್ಲ ಹಿಂದಿದೆಯಲ್ಲ ಮಗಾ. ಅಗಲದ ಚಕ್ರ ಹಿಂದೆ ಹಾಕೋಣ, ನೀನು ನಡುವಿಗೆ ಸರಿದು ಕೂತುಕೋ. ಇಲ್ಲದಿದ್ದರೆ ತಿರುವಿನಲ್ಲಿ ಹಿಂಭಾಗ ಜಾರೀತು."

"ನಡುವೆ ಕೂತರೆ ಮುಳ್ಳು ಅರಳಿಸಲು ಜಾಗವೆಲ್ಲಿ? ನಾನು ಹೇಳಿದಂತೆ ಕಟ್ಟಿಕೊಡು ಅಜ್ಜ."

ಮರುಸಂಜೆ ಗಾಡಿ ಇಳಿಜಾರಿನಲ್ಲಿ ಹಾರುತ್ತ ಇಳಿಯಿತು. ಪಕ್ಕದಲ್ಲೇ ಮಿಂಚು. ಗಾಳಿ ಮುಖಕ್ಕೆ ಬಡಿದು ಕಂಟಿಯ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ತಿರುವು. ಮಿಂಚು ಹೊರಳಿತು. ಕಂಟಿಯೂ ಬಳ್ಳಿಯ ಲಗಾಮು ಎಳೆಯಿತು. ಮುಂದಿನ ಚಕ್ರಗಳು ತಿರುಗಿದವು, ಹಿಂದಿನ ಸಣ್ಣ ಚಕ್ರಗಳು ಭಾರ ತಡೆಯಲಾರದೆ ಜಾರಿದವು. ಗಾಡಿ ಬುಗುರಿಯಂತೆ ಸುತ್ತಿ ಕೆರೆಯ ಕೆಸರಿಗೆ ಬಿತ್ತು.

ಕಂಟಿ ತಲೆಯೆತ್ತುವ ಹೊತ್ತಿಗೆ ಹಿಂಡು ದೂರ ಸಾಗಿತ್ತು. ಮಿಂಚು ಒಮ್ಮೆ ನಿಂತು ತಿರುಗಿ ನೋಡಿತು. ಹಿಂಡು ಕಾಯಲಿಲ್ಲ. ಅದೂ ಹೋಯಿತು.

ಬಹಳ ದಿನ ಕಂಟಿ ಬಿಲ ಬಿಟ್ಟು ಹೊರಗೆ ಬರಲಿಲ್ಲ. ಕೊನೆಗೊಂದು ಸಂಜೆ ಅಜ್ಜನ ಬಳಿ ಹೋಗಿ, "ಅಗಲದ ಚಕ್ರ ಹಿಂದೆ ಹಾಕೋಣ," ಎಂದಿತು. ಮುಳ್ಳು ಮಡಚಿಕೊಂಡು ನಡುವೆ ಕೂತು ಗಾಡಿ ಬಿಟ್ಟಿತು. ತಿರುವಿನಲ್ಲಿ ಗಾಡಿ ನೆಲ ಕಚ್ಚಿಕೊಂಡು, ನೀರು ಹರಿದಷ್ಟು ಸಲೀಸಾಗಿ ಹೊರಳಿತು.

ಹುಲ್ಲುಗಾವಲಿನಲ್ಲಿ ಯಾರೂ ಇರಲಿಲ್ಲ. ಗಾಡಿ ನಿಂತ ಮೇಲೂ ಕಂಟಿ ಹೊಳೆಯ ಕಡೆಗೆ ಮುಖ ಮಾಡಿ ಕೂತೇ ಇತ್ತು.

"ನಾನೂ ತಿರುಗಿದೆ ಕಣೇ ಮಿಂಚು," ಎಂದು ಮೆಲ್ಲಗೆ ಹೇಳಿತು.

ನೀತಿ: ನೋಟಕ್ಕೆಂದು ಕಟ್ಟಿದ್ದು ಓಟಕ್ಕೆ ಒದಗದು, ಭಾರವಿರುವಲ್ಲಿ ಬಲವಿರಬೇಕು.