ಚಪ್ಪಲಿ ಪಕ್ಕದ ಫೋನು

ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರು ನಂಜುಂಡಾರಾಧ್ಯರು. ಅವರ ಫೋನಿಗೆ ಬಿಡುವೇ ಇಲ್ಲ. ಅವರ ಗಣಿತದ ಪಾಠಕ್ಕೆ ಬೇಕಾದಷ್ಟು ಬಿಡುವು. ಫೋನ್ ಬಂತೆಂದರೆ ಲೆಕ್ಕ ಬೋರ್ಡಿನ ಮೇಲೆ, ಮೇಷ್ಟ್ರು ವರಾಂಡದಲ್ಲಿ.

ಒಂದು ದಿನ ಪ್ರಾರ್ಥನೆ ಮುಗಿದದ್ದೇ ಗುಡುಗಿದರು: “ಇವತ್ತಿಂದ ಯಾವ ಫೋನೂ ಕ್ಲಾಸಿನ ಹೊಸಿಲು ದಾಟಬಾರದು! ಆಯಮ್ಮ, ಮಕ್ಕಳ ಬ್ಯಾಗೆಲ್ಲ ಜಾಲಾಡು. ಒಳಗೆ ಒಂದು ಫೋನ್ ಸಿಕ್ಕಿತೋ, ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ.”

ಗಂಟೆ ಹೊಡೆದು ಕಸ ಗುಡಿಸುವ ಆಯಮ್ಮನಿಗೆ ಮಕ್ಕಳ ಬ್ಯಾಗಿಗೆ ಕೈ ಹಾಕುವುದು ಒಗ್ಗದು. ಎಲ್ಲರೆದುರೇ ಕೇಳಿದಳು: “ಸಾ, ಚಪ್ಪಲಿ ಹೊರಗೆ ಬಿಡ್ತೀವಲ್ಲ, ಅದೇ ಥರಾನಾ?”

“ಹ್ಞೂಂ, ಅದೇ ಥರ!”

ನಮ್ಮಲ್ಲಿ ಮೇಷ್ಟ್ರೂ ಮಕ್ಕಳೂ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗುವುದು ರೂಢಿ. ಆಯಮ್ಮ ಹಳೇ ಪರದೆಗೆ ಜೇಬು ಹೊಲಿದು ಚಪ್ಪಲಿ ಸ್ಟ್ಯಾಂಡಿನ ಮೇಲೆ ನೇತುಹಾಕಿದಳು. ಮರುದಿನ ಹೆಡ್‌ಮಾಸ್ಟರು ಚಪ್ಪಲಿ ಬಿಟ್ಟು, ಫೋನ್ ಹಿಡಿದು ಒಳಗೆ ಹೊರಟರು.

“ಸಾ, ಒಂದು ಬಿಟ್ರಿ, ಇನ್ನೊಂದು ಮರೆತ್ರಿ. ಮೇಲಿನ ದೊಡ್ಡ ಜೇಬು ನಿಮ್ದೇ.”

“ನನಗೇ ಹೇಳ್ತೀಯಾ? ಅರ್ಜೆಂಟ್ ಫೋನ್ ಬಂದರೆ?”

“ನಾನಿಲ್ಲೇ ಕೂತಿರ್ತೀನಿ. ಅರ್ಜೆಂಟಾದ್ರೆ ಕೂಗ್ತೀನಿ. ನಿಮಗೂ, ಮಕ್ಕಳಿಗೂ.”

ಹೆಡ್‌ಮಾಸ್ಟರ ಮುಖ ಕೆಂಪಾಯಿತು. ಸಾಲಾಗಿ ನಿಂತ ಮಕ್ಕಳು ಅವರ ಕೈಯನ್ನೇ ನೋಡುತ್ತಿದ್ದರು. ಫೋನ್ ಜೇಬಿಗಿಳಿಯಿತು. ಹಿಂದೆಯೇ ಮಕ್ಕಳ ಫೋನುಗಳೂ ಇಳಿದವು. ಯಾರ ಬ್ಯಾಗನ್ನೂ ಜಾಲಾಡಬೇಕಾಗಲಿಲ್ಲ.

ಸ್ವಲ್ಪ ಹೊತ್ತಿಗೆ ದೊಡ್ಡ ಜೇಬು ಬಡಿದುಕೊಂಡಿತು. ಆಯಮ್ಮ ಎತ್ತಿದರೆ, ಹೆಡ್‌ಮಾಸ್ಟರ ಹೆಂಡತಿ. “ಅವರೆಲ್ಲಿ?”

“ಪಾಠ ಮಾಡ್ತಾವ್ರೆ, ಅಮ್ಮಾವ್ರೇ. ಅರ್ಜೆಂಟಾ?”

ಆ ಕಡೆಯ ದನಿಯಲ್ಲಿ ಗಾಬರಿ: “ಪಾಠಾನಾ? ಹುಷಾರಾಗಿದ್ದಾರೆ ತಾನೇ?”