ಮದ್ದಿನ ಪಾಲು ಮತ್ತು ನರಿ ಮೇಸ್ತ್ರಿ

ಆನೆರಾಯ ಆಳುತ್ತಿದ್ದ ಒಂದು ಕಾಡಿನಲ್ಲಿ ಹಣ್ಣು ಕೊಯ್ಯುವ ಕೆಲಸ ವರ್ಷವಿಡೀ ನಡೆಯುತ್ತಿತ್ತು. ಆ ಕೆಲಸಕ್ಕೆ ನರಿಯೇ ಮೇಸ್ತ್ರಿ. ಮುಂಗುಸಿ ಚೆನ್ನಕ್ಕ ಮದ್ದಿನ ಗುಹೆ ನೋಡಿಕೊಳ್ಳುತ್ತಿದ್ದಳು. ದುಡಿದವರಿಗೆಲ್ಲ ವಾರಕ್ಕೊಮ್ಮೆ ಹಣ್ಣೇ ಕೂಲಿ. ಕಾಯಿಲೆ ಬಂದಾಗ ಮದ್ದು ಸಿಗಲೆಂದು ಅದರಲ್ಲಿ ಒಂದು ಪಾಲು ಮೊದಲು ಮದ್ದಿನ ಗುಹೆಗೆ ಹೋಗುತ್ತಿತ್ತು. ಉಳಿದ ಹಣ್ಣಿಗೆ ಮಾತ್ರ ರಾಜನ ತೆರಿಗೆ. ಕಾಯಿಲೆಗೆಂದು ಎತ್ತಿಟ್ಟದ್ದರಲ್ಲಿ ತನಗೇನೂ ಬೇಡ ಅನ್ನುವ ದೊಡ್ಡ ಮನಸ್ಸು ಆನೆರಾಯನದು. ಆದರೆ ಒಂದು ಷರತ್ತಿತ್ತು. ದೊಡ್ಡವರಿಗೂ ಚಿಕ್ಕವರಿಗೂ ಮದ್ದು ಒಂದೇ ಆಗಿರಬೇಕು. ಆ ಕಟ್ಟಳೆಯನ್ನು ತಾಳೆಗರಿಯಲ್ಲಿ ಬರೆಸಿ, ವರ್ಷಕ್ಕೊಮ್ಮೆ ಎಲ್ಲರೆದುರು ಓದಿಸಬೇಕೆಂದು ಅವನು ಹೇಳಿದ್ದ.

ನರಿ ಓದಿಸಲೇ ಇಲ್ಲ. "ಗೊತ್ತಿರೋದನ್ನೇ ಎಷ್ಟು ಸಲ ಕೇಳ್ತೀರಿ? ಹೋಗಿ, ಕೆಲಸ ನೋಡ್ಕೊಳ್ಳಿ" ಎಂದು ಎಲ್ಲರನ್ನೂ ಅಟ್ಟಿತು. ಆಮೇಲೆ ತನ್ನದೇ ಒಂದು ನಿಯಮ ತಂದಿತು. ಜೇನು ಬೆರೆಸಿದ ಒಳ್ಳೆಯ ಮದ್ದು ತನಗೆ ಮತ್ತು ತನ್ನ ಗೆಳೆಯರಾದ ಕರಡಿ, ಕಾಡುಹಂದಿಗೆ ಮಾತ್ರ. ಇಲಿ, ಅಳಿಲು, ಮೊಲಗಳಿಗೆ ಬರೀ ಬೇವಿನ ಕಷಾಯ. ಪಾಲು ಕೊಡುವಾಗ ಮಾತ್ರ ಎಲ್ಲರೂ ಸಮಾನರು ನೋಡಿ!

ಒಂದು ದಿನ ಇಲಿ ಕಾಳವ್ವ ಓಡಿಬಂದಳು.

"ಅಕ್ಕಾ, ಮಗೂಗೆ ಮೂರು ದಿನದಿಂದ ಜ್ವರ. ಕಷಾಯಕ್ಕೆ ಇಳೀತಾನೇ ಇಲ್ಲ. ಆ ಜೇನಿನ ಮದ್ದು ಒಂಚೂರು ಕೊಡಿ."

ಮದ್ದಿನ ಗಡಿಗೆ ಚೆನ್ನಕ್ಕನ ಬೆನ್ನ ಹಿಂದೆಯೇ ಇತ್ತು. ಗುಹೆಯ ಬಾಯಲ್ಲಿ ನರಿ ನಿಂತಿತ್ತು. ಅದನ್ನು ನೋಡಿ ಚೆನ್ನಕ್ಕ ಹೆದರಿದಳು.

"ನಾಳೆ ಬಾರವ್ವಾ" ಅಂದುಬಿಟ್ಟಳು.

ಮರುದಿನ ಬೆಳಿಗ್ಗೆ ರಾಜನ ಸವಾರಿ ಬರುವ ಸುದ್ದಿ ಬಂತು. ನರಿ ಒಂದು ಎಲೆ ಹಿಡಿದುಕೊಂಡು ಬಂತು.

"ಎಲ್ಲರಿಗೂ ಒಂದೇ ಮದ್ದು ಕೊಟ್ಟಿದ್ದೀವಿ ಅಂತ ಬರೆಸಿದೀನಿ. ನಿನ್ನ ಪಂಜದ ಗುರುತು ಒತ್ತು."

"ಸುಳ್ಳಲ್ವಾ ಮೇಸ್ತ್ರಿಗಳೇ?"

"ನಿಜ ಹೇಳಿ ನೋಡು! ಷರತ್ತು ಮುರಿದಿದ್ದೀರಿ ಅಂತ ರಾಜ ಎಲ್ಲರ ಮದ್ದಿನ ಪಾಲಿಗೂ ತೆರಿಗೆ ಹಾಕ್ತಾನೆ. ಆ ಇಲಿಮರಿಗಳ ಹೊಟ್ಟೆ ಮೇಲೆ ಹೊಡೆದ ಪಾಪ ನಿಂದೇ."

ಸುಳ್ಳಿಗೆ ಗುರುತು ಒತ್ತಿದರೆ ಕಾಳವ್ವನ ಮಗುವಿಗೆ ಮದ್ದಿಲ್ಲ. ನಿಜ ಹೇಳಿದರೆ ಎಲ್ಲ ಮರಿಗಳಿಗೂ ಊಟವಿಲ್ಲ. ಏನು ಮಾಡಲಿ, ಯಾರನ್ನು ಕೇಳಲಿ ಎಂದು ಚೆನ್ನಕ್ಕ ಒದ್ದಾಡಿದಳು. ಅಷ್ಟರಲ್ಲಿ ಆನೆರಾಯ ಬಂದೇಬಿಟ್ಟ. ಅವನ ಹಿಂದೆಯೇ ಕಾಳವ್ವನೂ ಬಂದಳು. ಬೆನ್ನ ಮೇಲಿದ್ದ ಮಗು ಕಣ್ಣು ಬಿಡುತ್ತಿರಲಿಲ್ಲ.

ಚೆನ್ನಕ್ಕನಿಗೆ ತಡೆಯಲಾಗಲಿಲ್ಲ. "ರಾಜಾ, ಇಲ್ಲಿ ಎಲ್ಲರಿಗೂ ಒಂದೇ ಮದ್ದಿಲ್ಲ! ಶಿಕ್ಷೆ ನನಗೆ ಕೊಡಿ. ಈ ಚಿಕ್ಕವರ ಮೇಲೆ ತೆರಿಗೆ ಹಾಕಬೇಡಿ" ಎಂದು ಅತ್ತಳು.

"ಹಾಗಂತ ಯಾರು ಹೇಳಿದರಮ್ಮ? ನೀನು ತಾಳೆಗರಿ ಪೂರ್ತಿ ಓದಿದ್ದೀಯಾ?"

"ಇಲ್ಲ ರಾಜಾ."

ಆನೆರಾಯ ನರಿ ಬಚ್ಚಿಟ್ಟಿದ್ದ ತಾಳೆಗರಿ ತರಿಸಿ, ತನ್ನ ಜೊತೆ ಬಂದಿದ್ದ ಗಿಳಿಯ ಕೈಲಿ ಓದಿಸಿದ. ಕೊನೆಯಲ್ಲಿ ಹೀಗಿತ್ತು: "ಮದ್ದಿನಲ್ಲಿ ತಾರತಮ್ಯ ನಡೆದರೆ, ಹೆಚ್ಚು ಪಡೆದ ದೊಡ್ಡವರು ತಮ್ಮ ಮದ್ದಿನ ಪಾಲಿಗೂ ತೆರಿಗೆ ಕಟ್ಟಬೇಕು. ಚಿಕ್ಕವರ ಪಾಲನ್ನು ಯಾರೂ ಮುಟ್ಟುವಂತಿಲ್ಲ."

ನರಿಯ ಮುಖ ಸಪ್ಪಗಾಯಿತು. ಅಷ್ಟು ದಿನ ಎಲ್ಲರಿಂದ ಗರಿ ಮುಚ್ಚಿಟ್ಟ ಆ ಜಾಣ, ತಾನೂ ಅದನ್ನು ಕೊನೆಯವರೆಗೆ ಓದಿರಲಿಲ್ಲ! "ನಮ್ಮನ್ನೂ ಮುಳುಗಿಸಿದೆಯಲ್ಲೋ!" ಎಂದು ಕರಡಿ, ಕಾಡುಹಂದಿ ಅದರ ಮೇಲೆ ಹರಿಹಾಯ್ದವು. ಮೂವರೂ ವರ್ಷವಿಡೀ ತಿಂದುಂಡ ಲಾಭವನ್ನು ತೆರಿಗೆಯಾಗಿ ಕಕ್ಕಬೇಕಾಯಿತು. ನರಿಯ ಮೇಸ್ತ್ರಿಗಿರಿಯೂ ಹೋಯಿತು.

ಚೆನ್ನಕ್ಕ ಮಗುವಿಗೆ ಜೇನಿನ ಮದ್ದು ಕುಡಿಸಿದಳು. ಸಂಜೆಯ ಹೊತ್ತಿಗೆ ಜ್ವರ ಇಳಿಯಿತು. ಮಗು ಮೆಲ್ಲಗೆ ಕಣ್ಣು ಬಿಟ್ಟಿತು. ಕಾಳವ್ವ ಮಗುವಿನ ತಲೆ ಸವರುತ್ತ ಕೇಳಿದಳು:

"ಈ ಮದ್ದು ನಿನ್ನೇನೂ ಇಲ್ಲೇ ಇತ್ತಲ್ವಾ ಅಕ್ಕಾ?"

"ಇತ್ತು ಕಾಳವ್ವಾ. ನರಿಗೆ ಹೆದರಿ ಕೊಡಲಿಲ್ಲ" ಎಂದು ಚೆನ್ನಕ್ಕ ತಲೆ ತಗ್ಗಿಸಿದಳು.

ನೀತಿ: ಎಲ್ಲರ ಒಳಿತಿಗೆ ಮಾಡಿದ ಕಟ್ಟಳೆಯನ್ನು ಎಲ್ಲರೂ ಪೂರ್ತಿ ತಿಳಿದಿರಬೇಕು, ಅನ್ಯಾಯ ಕಂಡಾಗ ಹೆದರಿ ಒಂದು ದಿನ ಸುಮ್ಮನಿದ್ದರೂ ಅದರ ನೋವು ಬಡವರಿಗೇ ತಟ್ಟುತ್ತದೆ.