ಜಿಮ್ಮಿನ ಪುಡಿ ಕಳ್ಳ

"ಯಾರೋ ಈಗಷ್ಟೇ ಮೈಕಟ್ಟು ಬೆಳೆಸೋ ನನ್ನ ಅಮೈನೊ ಪುಡಿ ಕದ್ದು ನೀರಲ್ಲಿ ಕಲಸಿ ಕುಡಿದಿದ್ದಾರೆ. ಚಮಚ ಇನ್ನೂ ಒದ್ದೆ ಇದೆ! ಇದು ಕಸ ಗುಡಿಸೋ ನಿನ್ನದೇ ಕೆಲಸ. ಪೊಲೀಸರಿಗೆ ಫೋನ್ ಮಾಡ್ತೀನಿ" ಎಂದು ಜಿಮ್ ಮಾಲೀಕ ವಿರೂಪಾಕ್ಷಿ ಗುಡುಗಿದ.

ಚೌಡಮ್ಮ ಪೊರಕೆ ಕೆಳಗಿಟ್ಟಳು. ಆ ಪುಡಿ ಕುಡಿದಾಗಲೆಲ್ಲ ಮಾಲೀಕ ಕಿವಿ ಕೆರೆದುಕೊಳ್ಳುವುದನ್ನು ಅವಳು ನೋಡಿದ್ದಳು.

"ಜಿಮ್ಮಲ್ಲಿರೋ ಎಲ್ಲರೂ ಸ್ವಲ್ಪ ಹೊತ್ತು ಕೈಕಟ್ಟಿ ನಿಲ್ಲಲಿ ಸಾರ್. ನಾನೂ ನಿಲ್ತೀನಿ. ಕಳ್ಳ ತಾನಾಗೇ ಸಿಗ್ತಾನೆ."

ನಿಂತರು. ಯಾರೂ ಅಲುಗಾಡಲಿಲ್ಲ. ಅಷ್ಟರಲ್ಲಿ ಮಾಲೀಕನ ಹೆಂಡತಿಯ ತಮ್ಮ ಕೊಟ್ರೇಶ ಕಿವಿಯನ್ನು ಹೆಗಲಿಗೆ ತಿಕ್ಕತೊಡಗಿದ. ಕೊನೆಗೆ ತಡೆಯಲಾರದೆ ಎರಡೂ ಕೈಯಿಂದ ಪರಪರ ಕೆರೆದುಕೊಂಡ.

ವಿರೂಪಾಕ್ಷಿ ಇಂಗು ತಿಂದ ಮಂಗನಂತಾದ.

ಚೌಡಮ್ಮ ಪೊರಕೆ ಎತ್ತಿಕೊಂಡಳು. "ಫೋನ್ ಪೊಲೀಸರಿಗೆ ಮಾಡ್ತೀರಾ ಸಾರ್, ಇಲ್ಲ ಮೊದಲು ಮನೇಲಿರೋ ಅಮ್ಮಾವ್ರಿಗಾ?"